ಲಕ್ವಾದ ಮದ್ದು ಮತ್ತು ಸಕ್ಕರೆ ಕಾಯಿಲೆ

ಕನ್ನಡದಲ್ಲಿ ಪಾರ್ಶ್ವವಾಯು, ಮರಾಠಿಯಲ್ಲಿ ಪಕ್ಷಾಘಾತ. ಶಿರೋಳ ತಾಲೂಕಿನ ಮನೆಮಾತಿನಲ್ಲಿ ಎರಡೂ ಭಾಷೆಯವರಿಗೆ ಅದು ಲಕ್ವಾ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿ ಬರುವ ಲಕ್ವಾಕ್ಕೆ, ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಉಂಟು. ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ರೋಗಿಗೆ ಸಕ್ಕರೆ ಕಾಯಿಲೆಯೂ ಇದ್ದು, ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆಯೆಂದು ವೈದ್ಯರು ಹೇಳಿದಾಗ ಮನೆಯವರು ಒಪ್ಪಿಗೆ ಕೊಡಲು ಹಿಂಜರಿಯುತ್ತಾರೆ.

ಆ ಭಯ ನಿರಾಧಾರವಲ್ಲ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 624 ರೋಗಿಗಳ ಪರೀಕ್ಷೆಯಲ್ಲಿ ಆಲ್ಟೆಪ್ಲೇಸ್ ಎಂಬ ಈ ಮದ್ದು ಪಡೆದ ಶೇ. 6.4ರಷ್ಟು ಜನರಿಗೆ ತೊಂದರೆ ಕೊಡುವಂಥ ರಕ್ತಸ್ರಾವವಾಯಿತು; ಪಡೆಯದವರಲ್ಲಿ ಶೇ. 0.6 ಮಾತ್ರ. ಆದರೂ ಮೂರು ತಿಂಗಳ ಬಳಿಕ ಅಂಗವೈಕಲ್ಯವಿಲ್ಲದೆ ಓಡಾಡುತ್ತಿದ್ದವರು ಮದ್ದು ಪಡೆದವರಲ್ಲಿಯೇ ಹೆಚ್ಚು. ಸಾವಿನ ಪ್ರಮಾಣವೂ ಏರಿರಲಿಲ್ಲ.

ಸಕ್ಕರೆಯ ಪಾತ್ರವನ್ನು ಕಬ್ಬಿನ ಗದ್ದೆಗೆ ನೀರು ಹಾಯಿಸುವವರು ಸುಲಭವಾಗಿ ತಿಳಿಯಬಲ್ಲರು. ಕಾಲುವೆಗೆ ಅಡ್ಡವಾದ ಕಸವನ್ನು ಎಳೆದೊಡನೆ ನೀರು ರಭಸದಿಂದ ನುಗ್ಗುತ್ತದೆ. ಒಡ್ಡು ಸಡಿಲವಾಗಿದ್ದರೆ ಅಲ್ಲಿಯೇ ಒಡೆಯುತ್ತದೆ. ವರ್ಷಗಟ್ಟಲೆ ಏರಿದ ಸಕ್ಕರೆ ಸಣ್ಣ ರಕ್ತನಾಳಗಳ ಗೋಡೆಯನ್ನು ಸವೆಸಿರುತ್ತದೆ. ಲಕ್ವಾ ಹೊಡೆದ ಹೊತ್ತಿನಲ್ಲಿಯೂ ಸಕ್ಕರೆ ಏರಿದ್ದರೆ, ರಕ್ತವಿಲ್ಲದೆ ಬಳಲಿದ ಭಾಗದಲ್ಲಿ ಆಮ್ಲ ಹೆಚ್ಚಿ ಆ ಗೋಡೆ ಮತ್ತಷ್ಟು ಹಾಳಾಗುತ್ತದೆ. ಆದುದರಿಂದ ‘ಸಕ್ಕರೆ ಕಾಯಿಲೆ ಇದೆಯೇ’ ಎಂಬುದಷ್ಟೇ ಅಲ್ಲ, ‘ಈಗ ಸಕ್ಕರೆ ಎಷ್ಟಿದೆ’ ಎಂಬುದೂ ಮುಖ್ಯ ಪ್ರಶ್ನೆ.

2008ರ ಯುರೋಪಿನ ಪರೀಕ್ಷೆಯು ಸಕ್ಕರೆ ಕಾಯಿಲೆಯೊಡನೆ ಹಿಂದೊಮ್ಮೆ ಲಕ್ವಾ ಆಗಿದ್ದವರನ್ನು ಹೊರಗಿಟ್ಟಿತ್ತು. ಅಂಥವರಿಗೂ ಮದ್ದು ಕೊಡಬಹುದೆಂದು ಅನಂತರದ ಮಾರ್ಗಸೂಚಿಗಳು ಒಪ್ಪಿವೆ. ಸಕ್ಕರೆ ಕಾಯಿಲೆಯೊಂದೇ ಮದ್ದನ್ನು ನಿರಾಕರಿಸಲು ಕಾರಣವಲ್ಲ. ಹಾಗೆಂದು ಸಕ್ಕರೆಯನ್ನು ಒಮ್ಮೆಲೇ ತೀರ ಇಳಿಸುವುದೂ ಸಲ್ಲದು: 1,151 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬಿಗಿ ನಿಯಂತ್ರಣದಿಂದ ಹೆಚ್ಚಿನ ಗುಣ ಕಾಣಲಿಲ್ಲ, ಸಕ್ಕರೆ ಅತಿಯಾಗಿ ಕುಸಿದ ಪ್ರಸಂಗಗಳೇ ಹೆಚ್ಚಾದವು. ಮನೆಯಲ್ಲಿ ಗಾಬರಿಯಿಂದ ಇನ್ಸುಲಿನ್ ಚುಚ್ಚುವುದಂತೂ ಬೇಡವೇ ಬೇಡ.

ಕೃಷ್ಣೆಯ ದಂಡೆಯ ಊರುಗಳಿಂದ ಮಿರಜಿಗೋ ಕೊಲ್ಹಾಪುರಕ್ಕೋ ಹೋಗುವ ದಾರಿಯಲ್ಲಿಯೇ ಎಷ್ಟೋ ಹೊತ್ತು ಸವೆಯುತ್ತದೆ. ಎಣ್ಣೆ ತಿಕ್ಕುತ್ತ ಕುಳಿತರೆ ಉಳಿದದ್ದೂ ಹೋಗುತ್ತದೆ. 108ಕ್ಕೆ ಕರೆಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಬೇಕು. ಒಳಗೆ ಮೊದಲೇ ರಕ್ತ ಸೋರಿದೆಯೇ ಎಂಬುದು ಸ್ಕ್ಯಾನ್ ಇಲ್ಲದೆ ತಿಳಿಯದು. ಅಲ್ಲಿಯವರೆಗೆ ಆಸ್ಪಿರಿನ್ ನುಂಗಿಸಬಾರದು.

ಕನ್ನಡವಷ್ಟೇ ಬಲ್ಲ ಅಜ್ಜಿಯ ಪರವಾಗಿ ವೈದ್ಯರೊಡನೆ ಮರಾಠಿಯಲ್ಲಿ ಮಾತಾಡುವವರು ಅನೇಕ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ. ಅವರಿಗೆ ಮೂರು ಸಂಗತಿ ಗೊತ್ತಿರಲಿ: ಅಜ್ಜಿ ಕೊನೆಯದಾಗಿ ಸರಿಯಾಗಿದ್ದುದು ಎಷ್ಟು ಗಂಟೆಗೆ, ಸಕ್ಕರೆಯ ಮಾತ್ರೆ ಯಾವುದು, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕೊನೆಯ ಸಲ ನುಂಗಿದ್ದು ಯಾವಾಗ. ಗ್ಲುಕೋಮೀಟರ್ ಇರುವ ಮನೆಯವರು ವಾಹನ ಬರುವಷ್ಟರಲ್ಲಿ ಸಕ್ಕರೆ ನೋಡಿ ಬರೆದಿಡಬಹುದು; ಸಕ್ಕರೆ ತೀರ ಕುಸಿದಾಗಲೂ ಮಾತು ತೊದಲಿ, ಕೈ ಸೋತು, ಲಕ್ವಾದಂತೆಯೇ ಕಾಣುವುದುಂಟು.