‘ತೆಲಿ ಬ್ಯಾನಿ’ ಅಂದರೆ ನಾಟಕವೇ?

ನನ್ನ ತಂಗಿ ಈ ವರ್ಷ ಎಸ್ಸೆಸ್ಸೆಲ್ಸಿ. ವಾರಕ್ಕೆ ಮೂರು ದಿನವಾದರೂ ಬೆಳಿಗ್ಗೆ ಎದ್ದ ಕೂಡಲೇ ‘ಯವ್ವಾ, ತೆಲಿ ಬ್ಯಾನಿ ಆಗ್ಲಿಕತ್ತದ’ ಅನ್ನುತ್ತಾಳೆ. ತಲೆ ಬಿಟ್ಟರೆ ಹೊಟ್ಟೆ. ಅವ್ವನ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಸಾಲಿ ತಪ್ಪಸ್ಲಿಕ್ಕ ನಾಟಕ ಮಾಡಬ್ಯಾಡ. ಗುಳಿಗಿ ನುಂಗಿ ಹೋಗು.’ ಮೊದಮೊದಲು ನಾನೂ ಅವ್ವನ ಪಕ್ಷವೇ.

ದಸರಾ ರಜೆಯಲ್ಲಿ ತಲೆನೋವು ಮಾಯವಾಯಿತು. ನಾಟಕ ಸಾಬೀತಾಯಿತೆಂದು ಅವ್ವ ನಕ್ಕಳು. ನನಗೆ ಕಂಡದ್ದು ಬೇರೆ. ರಜೆಯಲ್ಲಿ ತಂಗಿ ಬೆಳಿಗ್ಗೆ ಎಂಟರವರೆಗೆ ಮಲಗುತ್ತಿದ್ದಳು. ಶಾಲೆ ಇದ್ದಾಗ ಹನ್ನೆರಡಕ್ಕೆ ಪುಸ್ತಕ ಮುಚ್ಚಿ ಐದಕ್ಕೆ ಏಳುತ್ತಾಳೆ. ಏಳದಿದ್ದರೆ ಬಿಡುವವರಿಲ್ಲ, ಅಪ್ಪನ ಮೊಬೈಲಿಗೆ ಶಾಲೆಯಿಂದ ಕರೆ ಬರುತ್ತದೆ: ‘ಮಗಳು ಎದ್ದಾಳೇನ್ರೀ?’

ನೋವಿದ್ದರೆ ನಿದ್ದೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಿದ್ದೆ ಕೆಟ್ಟರೆ ನೋವು ಹೆಚ್ಚುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2019ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆರೋಗ್ಯವಂತ ಯುವಜನರನ್ನು ಒಂದು ರಾತ್ರಿ ಎಚ್ಚರವಿರಿಸಿ, ಕಾಲಿಗೆ ಬಿಸಿ ತಾಗಿಸಿ ಮಿದುಳನ್ನು ಪರೀಕ್ಷಿಸಿದರು. ನೋವನ್ನು ಗ್ರಹಿಸುವ ಭಾಗ ಹೆಚ್ಚು ಕೆಲಸ ಮಾಡುತ್ತಿತ್ತು, ನೋವನ್ನು ತಗ್ಗಿಸುವ ಭಾಗಗಳು ಮಂಕಾಗಿದ್ದವು. ನಮ್ಮ ಲ್ಯಾಬಿನ ಭಾಷೆಯಲ್ಲಿ ಹೇಳುವುದಾದರೆ, ಸಿಗ್ನಲ್ ಅಷ್ಟೇ ಇದ್ದರೂ ಆಂಪ್ಲಿಫೈಯರಿನ ಗೇನ್ ಏರಿತ್ತು. ಅಂದರೆ ತಂಗಿಯ ನೋವು ಸುಳ್ಳಲ್ಲ.

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ಬೇಗ ಮಲಗು ಎಂದು ಬೈದರೂ ಒಂಬತ್ತಕ್ಕೆ ಕಣ್ಣು ಮುಚ್ಚುವುದಿಲ್ಲ. ಇತ್ತ ಬೆಳಗಿನ ನಿದ್ದೆಯನ್ನು ಮಿಸ್ಡ್ ಕಾಲ್ ಕತ್ತರಿಸುತ್ತದೆ.

ಎಲ್ಲದಕ್ಕೂ ಮೊಬೈಲನ್ನೇ ದೂರುವುದು ಸುಲಭ. (ತಂಗಿ ರೀಲ್ಸ್ ನೋಡುವುದಿಲ್ಲ ಎಂದೇನೂ ನಾನು ಹೇಳುತ್ತಿಲ್ಲ.) ಆದರೆ ನಮ್ಮ ಭಾಗದಲ್ಲಿ ನಿದ್ದೆಗೆ ಶತ್ರುಗಳು ಬೇರೆಯೂ ಇವೆ. ವಾಡಿ ಜಂಕ್ಷನ್ನಿನ ಪಕ್ಕದ ನಮ್ಮ ಮನೆಗೆ ರಾತ್ರಿಯಿಡೀ ಗಾಡಿಗಳ ಹಾರ್ನ್ ಕೇಳುತ್ತದೆ. ಶಹಾಬಾದಿನ ಗೆಳೆಯನ ಮನೆಗೆ ಕೆಳಗೂ ಫರಸಿ, ಮೇಲೂ ಫರಸಿ. ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಕಲ್ಲು ರಾತ್ರಿಯೆಲ್ಲ ಬಿಸಿ ಕಾರುತ್ತದೆ, ಕರೆಂಟ್ ಹೋದರೆ ಮಾಳಗಿಯೇ ಗತಿ. ಸೇಡಂನ ಸಹಪಾಠಿಯ ಅಪ್ಪ ಸಿಮೆಂಟ್ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಾಗಿಲು ಬಡಿದಾಗ ಒಂದೇ ಕೋಣೆಯಲ್ಲಿ ಮಲಗಿದ ಎಲ್ಲರಿಗೂ ಎಚ್ಚರ. ಚಿಂಚೋಳಿಗೆ ರೈಲೇ ಇಲ್ಲ, ತಾಂಡಾದ ಹುಡುಗಿಯರು ಮನೆಗೆಲಸ ಮುಗಿಸಿ ಮೊದಲ ಬಸ್ಸಿಗೆ ಓಡಬೇಕು. ಮುಟ್ಟಿನ ದಿನ ನೋವಿನಿಂದ ರಾತ್ರಿ ನಿದ್ದೆಗೆಟ್ಟವಳೂ ಅದೇ ಬಸ್ಸು ಹಿಡಿಯಬೇಕು. ಇವರಿಗೆಲ್ಲ ನಾವು ಕೊಡುವುದು ಒಂದು ಗುಳಿಗೆ. ಸಾದಾ ನೋವಿನ ಗುಳಿಗೆಯನ್ನೇ ತಿಂಗಳಿಗೆ 15 ದಿನ, ಅದಕ್ಕೂ ಹೆಚ್ಚು ದಿನ ನುಂಗುತ್ತಾ ಹೋದರೆ ಅದರಿಂದಲೇ ತಲೆನೋವು ಅಂಟಿಕೊಳ್ಳುತ್ತದೆ ಎಂದು ಅಂಗಡಿಯವರು ಹೇಳುವುದಿಲ್ಲ.

ಶಿಕ್ಷಕರನ್ನು ದೂರಲು ಮನಸ್ಸಿಲ್ಲ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ, ತೇರ್ಗಡೆಯಾದವರು ಶೇ 42.43. ಒತ್ತಡ ಅವರ ಮೇಲೂ ಇದೆ. ಆದರೆ ಐದು ತಾಸು ಮಲಗಿದ ಮಕ್ಕಳನ್ನು ಎಬ್ಬಿಸಿ ಕೂರಿಸಿದರೆ ಶೇಕಡಾವಾರು ಏರುತ್ತದೆಂದು ನನಗೆ ಅನ್ನಿಸುವುದಿಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ಕರೆ ಮಾಡಲೇಬೇಕೆಂದರೆ ರಾತ್ರಿ ಹತ್ತೂವರೆಗೆ ಮಾಡಿ, ‘ಪುಸ್ತಕ ಮುಚ್ಚಿದಳೇನ್ರೀ?’ ಎಂದು ಕೇಳಲಿ.

ಹಾಗೆಂದು ಎಲ್ಲ ನೋವಿಗೂ ನಿದ್ದೆಯೇ ಮದ್ದಲ್ಲ. ಕಣ್ಣಿನ ದೋಷ, ರಕ್ತಹೀನತೆ ಇರಬಹುದು. ವಾಂತಿ, ಜ್ವರ, ತೂಕ ಇಳಿಯುವುದು, ನಡುರಾತ್ರಿ ಎಬ್ಬಿಸುವಂಥ ನೋವು ಇದ್ದರೆ ವೈದ್ಯರಲ್ಲಿಗೇ ಹೋಗಬೇಕು. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ನನ್ನ ತರಗತಿಯಲ್ಲಿ ಕೇಳಿ ನೋಡಿದೆ, ಒಬ್ಬರೂ ಹೆಸರು ಕೇಳಿರಲಿಲ್ಲ.

ಹೋದ ತಿಂಗಳು ಅಪ್ಪ ಧೈರ್ಯ ಮಾಡಿ ಸರ್‌ಗೆ, ‘ಐದಕ್ಕ ಬ್ಯಾಡ್ರಿ, ಆರೂವರಿಗಿ ಮಾಡ್ರಿ’ ಎಂದ. ಅವರು ಒಪ್ಪಿದರು. ಹದಿನೈದು ದಿನಗಳಲ್ಲಿ ತಂಗಿ ಗುಳಿಗೆ ಕೇಳಿದ್ದು ಎರಡೇ ಸಲ. ಗಣಿತದ ಕಿರುಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯೂ ಬಂದಿವೆ. ಅವ್ವ ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಾಳೆ.