ಕಿಸೆಯಲ್ಲೊಂದು ಅಜ್ಜಿಯ ಸಂಚಿ



ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಬಿಡಿಭಾಗ ತಂದು ಕಂಪ್ಯೂಟರ್ ರಿಪೇರಿ ಮಾಡುವವರು ನಿಮ್ಮಲ್ಲೂ ಇದ್ದೀರಿ. ನಿಮ್ಮ ಕಿಸೆಯ ಪೆನ್ ಡ್ರೈವ್ ಅಜ್ಜಿಯ ಸಂಚಿಯಂತಿರಬೇಕು. ಚಿಕ್ಕದಾದರೂ ಹೊತ್ತಿಗೆ ಬೇಕಾದದ್ದು ಅದರಲ್ಲಿ ಸಿಗಬೇಕು.

ಪೋರ್ಟಬಲ್ ತಂತ್ರಾಂಶಗಳನ್ನು ಇನ್‌ಸ್ಟಾಲ್ ಮಾಡಬೇಕಿಲ್ಲ. ಪೆನ್ ಡ್ರೈವಿನಿಂದಲೇ ನಡೆಯುತ್ತವೆ. ಮೊದಲನೆಯದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಅದು ಡಿಸ್ಕಿನ ನಾಡಿ ನೋಡುತ್ತದೆ. ನೀಲಿ ಬಂದರೆ ಕ್ಷೇಮ. ಹಳದಿಯೋ ಕೆಂಪೋ ಬಂದರೆ ಬೇರೆಲ್ಲ ಬಿಟ್ಟು ಮೊದಲು ಕಡತಗಳನ್ನು ನಕಲು ಮಾಡಿ. ಎರಡನೆಯದು ಫೋಟೋರೆಕ್, ಅಳಿಸಿಹೋದ ಫೋಟೋ ಹುಡುಕಲು. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಮಾತ್ರ ತುಂಬಬೇಡಿ. ಹೊಸದು ಕೂತ ಜಾಗದಲ್ಲಿ ಹಳೆಯದು ಉಳಿಯುವುದಿಲ್ಲ. ಎರಡೂ ಉಚಿತ, ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ.

ಮೂರನೆಯದು ನಮ್ಮವರಿಗೇ ಬೇಕಾದದ್ದು: ಹಳೆಯ ಕನ್ನಡ ಫಾಂಟುಗಳು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳಲ್ಲಿ ಅಂದು ಬರೆದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. "ಫೈಲ್ ಕೆಟ್ಟಿದೆ ಆಂಟಿ" ಎಂದು ಅಳಿಸಿಬಿಟ್ಟೀರಿ, ಜೋಕೆ! ಅದು ತಾತನ ಕಾಗದವೋ, ಅಜ್ಜಿ ಹೇಳಿ ಬರೆಸಿದ ಹಾಡುಗಳೋ ಆಗಿರಬಹುದು. ಆ ಫಾಂಟ್ ಹಾಕಿ ತೆರೆಯಿರಿ. ನಿಮಗೆ ಕನ್ನಡ ಓದಲು ಬಾರದಿದ್ದರೆ ಮನೆಯ ಹಿರಿಯರನ್ನು ಕರೆದು ತೋರಿಸಿ. ಆಮೇಲೆ ಯೂನಿಕೋಡಿಗೆ ಪರಿವರ್ತಿಸಿ ಇಡಿ.

ಬಾಯಾರಿದಾಗ ಬಾವಿ ತೋಡುವುದು ಬೇಡ. ಈ ಭಾನುವಾರವೇ ಸಂಚಿ ತುಂಬಿಕೊಳ್ಳಿ.