ಕವ್ವಾಯಿಯ ಹುಲ್ಲು ಹೋದರೆ ಎಟ್ಟಿಗೂ ಕುತ್ತು

ಕಾಸರಗೋಡು: ಜಿಲ್ಲೆಯ ದಕ್ಷಿಣ ತುದಿಯ ಕವ್ವಾಯಿ ಹಿನ್ನೀರಿನಲ್ಲಿ ನೀರಿಳಿದಾಗ ಕೆಸರಿನ ಮೇಲೆ ಹಸಿರು ಚಾಪೆ ಹಾಸಿದಂತೆ ಕಾಣುವುದನ್ನು ಹೆಚ್ಚಿನವರು ಪಾಚಿ ಎಂದುಕೊಂಡು ತುಳಿದು ಹೋಗುತ್ತಾರೆ. ಪಾಚಿಗೆ ಬೇರಿಲ್ಲ, ಹೂವಿಲ್ಲ. ಇದಕ್ಕೆ ಎರಡೂ ಇವೆ. ಹ್ಯಾಲೋಫಿಲಾ ಬೆಕ್ಕಾರಿ ಎಂಬ ಈ ಕಡಲಹುಲ್ಲು ಬೆರಳುದ್ದವೂ ಬೆಳೆಯುವುದಿಲ್ಲ. ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಇದರ ಹೆಸರಿದೆ.

ಹುಲ್ಲು ಸಣ್ಣದಾದರೂ ಇಂಥ ಹುಲ್ಲುಗಾವಲಿನ ಸಂಸಾರ ದೊಡ್ಡದು. ಕೊಳವೆ ಕಟ್ಟಿಕೊಂಡು ಕೂರುವ ಹುಳಗಳು, ಪುಟ್ಟ ಶಂಖದ ಹುಳಗಳು, ಅಕ್ಕಿಕಾಳಿನಷ್ಟೇ ಇರುವ ಸೀಗಡಿಯ ದಾಯಾದಿ ಆಂಫಿಪಾಡ್‌ಗಳು ಇದರ ಒಕ್ಕಲು. ಎಲೆಗೆ ಹತ್ತಿದ ಲೋಳೆಯನ್ನು ಇವು ಮೇಯುವುದರಿಂದಲೇ ಹುಲ್ಲಿಗೆ ಬಿಸಿಲು ಸಿಗುತ್ತದೆ. ಮರಿಮೀನು, ಮರಿಏಡಿ, ಎಳೆಯ ಎಟ್ಟಿಗಳಿಗೆ ಇವೇ ಊಟ. ಅಡಗಲು ಜಾಗವೂ ಅಲ್ಲೇ.

ಸೀಗಡಿ, ಏಡಿಗಳ ಮರಿಗಳು ನೀರಲ್ಲಿ ತೇಲುತ್ತಾ ದೂರದಿಂದಲೂ ಬರಬಲ್ಲವು. ಆಂಫಿಪಾಡ್ ಹಾಗಲ್ಲ. ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲೇ ಹೊರುತ್ತದೆ, ಮರಿ ಹುಟ್ಟಿದಲ್ಲೇ ಬೆಳೆಯುತ್ತದೆ. ಒಂದು ಕಡೆ ಹುಲ್ಲು ಕಿತ್ತುಹೋದರೆ ಆ ಒಕ್ಕಲು ಬೇಗ ಮರಳುವುದಿಲ್ಲ. ಹುಲ್ಲು ಮತ್ತೆ ಚಿಗುರಿದರೂ ಮೇಯುವವರಿಲ್ಲ.

ಚಿಂತೆ ಇಲ್ಲಿಯೇ. 616 ಕಿ.ಮೀ. ಉದ್ದದ ಕೋವಳಂ-ಬೇಕಲ ಜಲಮಾರ್ಗ ಬೇಕಲ ಮುಟ್ಟುವ ಮೊದಲು ಈ ಹಿನ್ನೀರನ್ನೂ ಹಾದುಹೋಗಬೇಕು. ಹೆದ್ದಾರಿಯ ಭಾರ ಇಳಿಸುವ ಯೋಜನೆ ಬೇಡ ಎನ್ನಲಾಗದು. ಆದರೆ ಹೂಳೆತ್ತಿದರೆ ಕೆಸರು ಕದಡುತ್ತದೆ, ಬಿಸಿಲು ತಳ ಮುಟ್ಟುವುದಿಲ್ಲ. ಪಡನ್ನ, ಚೆರುವತ್ತೂರು ಕಡೆ 1990ರ ದಶಕದಿಂದ ಹಗ್ಗ ಕಟ್ಟಿ ಕಲ್ಲುಮ್ಮಕಾಯಿ ಬೆಳೆಸುತ್ತ ಬಂದ ಮಹಿಳಾ ಸಂಘಗಳಿಗೂ ಕೆಸರುನೀರು ಒಳ್ಳೆಯದಲ್ಲ.

ಕಾನೂನು ಇಲ್ಲವೆಂದಲ್ಲ. 2011 ಮತ್ತು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಗಳು ಕಡಲಹುಲ್ಲಿನ ಹಾಸುಗಳನ್ನು ಅತ್ಯಂತ ಸೂಕ್ಷ್ಮ ಪ್ರದೇಶದ ಸಾಲಿಗೇ ಸೇರಿಸಿವೆ. ಕಾಂಡ್ಲಾ ಗಿಡ ದೂರದಿಂದಲೇ ಕಾಣುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ನೀರಿಳಿದಾಗ ಮಾತ್ರ ತಲೆ ಎತ್ತುವ ಹುಲ್ಲನ್ನು ಕೆಸರಿಗಿಳಿದೇ ಗುರುತಿಸಬೇಕು. ನಕ್ಷೆಗೆ ಬಾರದ ಹುಲ್ಲನ್ನು ಯಾವ ಕಾನೂನು ಕಾಯೀತು?

ಮಂಜೇಶ್ವರ, ಕುಂಬಳೆಯ ಮನೆಗಳಿಗೆ ಕವ್ವಾಯಿ ದೂರ ಎನಿಸಬಹುದು. ಉಪ್ಪಳ, ಶಿರಿಯ, ಮೊಗ್ರಾಲ್ ಹೊಳೆಗಳ ಅಳಿವೆಗಳಲ್ಲೂ ಇದೇ ಹುಡುಕಾಟ ಆಗಬೇಕು. ಕರಾವಳಿ ನಕ್ಷೆಯ ಕರಡಿಗೆ ಜಿಲ್ಲಾ ಮಟ್ಟದಲ್ಲಿ ಸಾರ್ವಜನಿಕ ವಿಚಾರಣೆ ನಡೆಸಬೇಕೆಂದು ನಿಯಮವೇ ಹೇಳುತ್ತದೆ. ಆ ಕಾಗದಪತ್ರ ಕನ್ನಡದಲ್ಲೂ ಕೈಗೆ ಬಂದರೆ, ಬಲೆ ಬೀಸುವವರೇ ಹುಲ್ಲಿರುವ ಜಾಗವನ್ನು ತೋರಿಸಿಯಾರು.